ಪರ್ಕಿನ್ಸ್ ಕೂರಿಸಿದ ಲಾರಿಗಳು: ಒಂದು ಸೈಲೆನ್ಸರ್ ಪೈಪಿನ ಚರಿತ್ರೆ

ಉಪ್ಪಳದ ನಮ್ಮ ಹಳೆಯ ಅಂಗಡಿಯ ಹೆಂಚು ತೆಗೆದು ಶೀಟು ಹಾಕಿಸುವಾಗ ಅಟ್ಟದಿಂದ ಉಪ್ಪಾಪನ ಕಾಲದ ಉದ್ರಿ ಪುಸ್ತಕಗಳು ಕೆಳಗೆ ಬಂದವು. ಅರ್ಧ ಗೆದ್ದಲು ತಿಂದಿತ್ತು, ಉಳಿದರ್ಧ ಓದುವ ಹಾಗೆ ಇತ್ತು. ಅಕ್ಕಿ, ಬೆಲ್ಲ, ಒಣಮೀನು, ಸೀಮೆಎಣ್ಣೆ, ಬೀಡಿ. ಎಲ್ಲ ಮನೆಗಳ ಲೆಕ್ಕವೂ ಹೆಚ್ಚುಕಮ್ಮಿ ಒಂದೇ ತರ. ಒಬ್ಬ ಲಾರಿ ಯಜಮಾನರ ಪುಟಗಳು ಮಾತ್ರ ಬೇರೆ ತರ ಕಂಡವು. 1962ರ ಮಳೆಗಾಲದ ತನಕ ಅವರ ಹೆಸರಿನಲ್ಲಿ ಮನೆ ಸಾಮಾನು ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ಪ್ರತಿ ತಿಂಗಳೂ ಹೊಸ ಸಾಲುಗಳು: ಆಸ್ಬೆಸ್ಟಾಸ್ ಹಗ್ಗ ಎರಡು ಗಜ, ತಗಡು ಒಂದು, ಕಟ್ಟುವ ತಂತಿ, ಪೈಪ್ ವೆಲ್ಡಿಂಗ್ ಬಾಬ್ತು ಕೈಗಡ.

ಪುಸ್ತಕವನ್ನು ಉಪ್ಪನ ಮುಂದೆ ಹಿಡಿದೆ. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಪುಟ ನೋಡಿ ಹೇಳಿದರು, "ಅದು ಅವರ ಲಾರಿಗೆ ಪರ್ಕಿನ್ಸ್ ಕೂರಿಸಿದ ವರ್ಷ."

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವ. ಆ ಒಂದು ಮಾತಿಗೆ ನನಗೆ ಇಡೀ ಕತೆ ಅರ್ಥವಾಗಿಬಿಟ್ಟಿತು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ್ದಾರೆ, ಹೊಗೆ ಹೋಗುವ ಪೈಪು ಮಾತ್ರ ಹಳೆಯದೇ ಉಳಿದಿದೆ. ಆ ಪೈಪು ಸೋರುವುದು, ತೂತಾಗುವುದು, ತುಂಡಾಗುವುದು, ಉಪ್ಪಾಪನ ಅಂಗಡಿಯಿಂದ ಹಗ್ಗ ತಂದು ಕಟ್ಟುವುದು. ಹೀಗೇ ಮೂರು ವರ್ಷ ನಡೆದಿದೆ. ನಮ್ಮ ಕುಟುಂಬಗಳಲ್ಲಿ ಲಾರಿ ಇಟ್ಟವರು, ಲಾರಿ ಓಡಿಸಿದವರು, ಲಾರಿ ಕೆಳಗೆ ಮಲಗಿ ಕೆಲಸ ಮಾಡಿದವರು ಇಲ್ಲದ ಮನೆ ಕಡಿಮೆ. ಆದರೂ ಈ ಎಂಜಿನ್ ಬದಲಾವಣೆಯ ಕಾಲದ ಬಗ್ಗೆ ನಾವು ಎಲ್ಲೂ ಬರೆದಿಟ್ಟಿಲ್ಲ. ಗೊತ್ತಿರುವಷ್ಟನ್ನು ಇಲ್ಲಿ ಬರೆಯುತ್ತೇನೆ.

ಲಾರಿಗಳು ಬಂದದ್ದು ಹೇಗೆ

ಜನರಲ್ ಮೋಟಾರ್ಸ್ ಕಂಪೆನಿ 1928ರಲ್ಲಿ ಬೊಂಬಾಯಿಯ ಸೆವ್ರಿಯಲ್ಲಿ ಕಾರು, ಲಾರಿ ಜೋಡಿಸುವ ಕಾರ್ಖಾನೆ ಹಾಕಿತು. ಫೋರ್ಡ್ ಕಂಪೆನಿಯೂ ಅದೇ ಕಾಲದಲ್ಲಿ ಭಾರತದಲ್ಲಿ ಜೋಡಣೆ ನಡೆಸುತ್ತಿತ್ತು. ಪೆಟ್ಟಿಗೆಗಳಲ್ಲಿ ಬಿಡಿಭಾಗ ಹಡಗಿನಲ್ಲಿ ಬರುವುದು, ಇಲ್ಲಿ ಜೋಡಿಸಿ ಮಾರುವುದು. ಷೆವ್ರೊಲೆ, ಫೋರ್ಡ್, ಬೆಡ್‌ಫೋರ್ಡ್, ಡಾಜ್, ಫಾರ್ಗೊ ಎಂಬ ಹೆಸರುಗಳು ಊರಿನ ಹಿರಿಯರ ಬಾಯಿಗೆ ಬಂದದ್ದು ಹೀಗೆ. ಆ ಲಾರಿಗಳಲ್ಲಿ ಹೆಚ್ಚಿನವು ಪೆಟ್ರೋಲಿನವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಶನ್ ಬಂತು. ಇದ್ದಿಲು ಸುಟ್ಟು ಅದರ ಗ್ಯಾಸಿನಲ್ಲಿ ಬಸ್ಸು ಓಡಿಸಿದ ಕಾಲ ಅದು. ಬಸ್ಸಿನ ಹಿಂದೆ ಒಲೆಯಂಥ ಡ್ರಮ್ಮು, ಅದಕ್ಕೆ ಗಾಳಿ ಹಾಕಲು ಒಬ್ಬ ಹುಡುಗ. ಹಿರಿಯರು ಇದನ್ನು ಈಗಲೂ ನಗುತ್ತ ನೆನಪಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ನಮ್ಮ ಕಡೆಯ ಮೇಸ್ತ್ರಿಗಳು, ಗಾಡಿ ಒಂದು ಎಣ್ಣೆಗೆಂದು ತಯಾರಾಗಿದ್ದರೂ ಬೇರೆಯದರಲ್ಲಿ ಓಡಿಸಬಹುದು ಎಂಬ ಧೈರ್ಯ ಕಲಿತದ್ದು ಆ ದಿನಗಳಲ್ಲೇ.

ಯುದ್ಧ ಮುಗಿದ ಮೇಲೆ ಸೈನ್ಯದ ಲಾರಿಗಳು ಡಿಸ್ಪೋಸಲ್‌ನಲ್ಲಿ ಮಾರಾಟಕ್ಕೆ ಬಂದವು. ಕೆನಡಾದಲ್ಲಿ ಸೈನ್ಯಕ್ಕಾಗಿಯೇ ತಯಾರಾದ ಮೋಟು ಮೂತಿಯ ಷೆವ್ರೊಲೆ, ಫೋರ್ಡ್‌ಗಳು. ಅವುಗಳಿಗೆ ಮರದ ಬಾಡಿ ಕಟ್ಟಿಸಿ ಮರ, ಹೆಂಚು, ಮೀನು, ಅಡಿಕೆ, ಹೊಗೆಸೊಪ್ಪು ಸಾಗಿಸಿದರು. ಷೆವ್ರೊಲೆಯ ಎಂಜಿನ್ 216 ಘನ ಇಂಚಿನದು, ಅಂದರೆ ಮೂರೂವರೆ ಲೀಟರು, ಆರು ಸಿಲಿಂಡರ್. ಗಟ್ಟಿ ಎಂಜಿನ್, ಆದರೆ ಲೋಡು ಹಾಕಿ ಘಾಟಿ ಹತ್ತಿಸಿದರೆ ಪೆಟ್ರೋಲ್ ಕುಡಿಯುವುದಕ್ಕೆ ಲೆಕ್ಕವಿಲ್ಲ.

1953ರಲ್ಲಿ ಭಾರತದ ಟ್ಯಾರಿಫ್ ಕಮಿಷನ್ ಒಂದು ವರದಿ ಕೊಟ್ಟಿತು. ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆ ಇಲ್ಲದೆ ಬರೀ ಜೋಡಣೆ ಮಾಡುವ ಕಂಪೆನಿಗಳು ಮುಂದುವರಿಯುವುದು ಬೇಡ ಎಂಬುದು ಅದರ ಸಾರ. 1954ರ ಹೊತ್ತಿಗೆ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಎರಡೂ ಇಲ್ಲಿಯ ಜೋಡಣೆ ನಿಲ್ಲಿಸಿದವು. ದೇಶದ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಮಾನವೇ ಇರಬಹುದು. ಆದರೆ ಊರಿನಲ್ಲಿ ಒಂದೇ ಒಂದು ಷೆವ್ರೊಲೆ ಇಟ್ಟುಕೊಂಡವನಿಗೆ ಸ್ಪೇರ್ ಪಾರ್ಟು ಸಿಗುವ ದಾರಿ ವರ್ಷದಿಂದ ವರ್ಷಕ್ಕೆ ಕಡಿದಾಯಿತು. ಗಾಡಿಯ ಚಾಸಿ ಇನ್ನೂ ಗಟ್ಟಿ, ಎಂಜಿನ್ ಮಾತ್ರ ಮುದಿಯಾಗಿದೆ. ಹೊಸ ಲಾರಿ ತೆಗೆಯಲು ಹಣವಿಲ್ಲ. ಆಗ ಉಳಿದದ್ದು ಒಂದೇ ಉಪಾಯ, ಎಂಜಿನ್ ಬದಲಿಸುವುದು.

ಪೀಟರ್‌ಬರೋದಿಂದ ಮದ್ರಾಸಿಗೆ

ಇಂಗ್ಲೆಂಡಿನ ಪೀಟರ್‌ಬರೋ ಎಂಬ ಊರಿನಲ್ಲಿ ಫ್ರಾಂಕ್ ಪರ್ಕಿನ್ಸ್ 1932ರಲ್ಲಿ ಡೀಸೆಲ್ ಎಂಜಿನ್ ಕಂಪೆನಿ ಶುರುಮಾಡಿದರು. ಅಲ್ಲಿಯವರೆಗೆ ಡೀಸೆಲ್ ಅಂದರೆ ಹಡಗಿಗೆ, ಗಿರಣಿಗೆ ತಕ್ಕ ಭಾರೀ ಯಂತ್ರ. ವೇಗವಾಗಿ ತಿರುಗುವ, ಪೆಟ್ರೋಲ್ ಎಂಜಿನ್ನಿನ ಜಾಗದಲ್ಲೇ ಕೂರುವ ಡೀಸೆಲ್ ಮಾಡಬೇಕೆಂಬುದು ಅವರ ಹಟ. 1930ರ ದಶಕದ ಕೊನೆಗೆ ಬಂದ ಪಿ6 ಎಂಜಿನ್ ಆ ಹಟದ ಫಲ. ಆರು ಸಿಲಿಂಡರ್, 4.73 ಲೀಟರ್, ನಿಮಿಷಕ್ಕೆ ಸುಮಾರು 2,400 ಸುತ್ತಿನಲ್ಲಿ 80ಕ್ಕೆ ಸ್ವಲ್ಪ ಮೇಲೆ ಕುದುರೆ ಶಕ್ತಿ. ಬೆಡ್‌ಫೋರ್ಡ್‌ನಂಥ ಪೆಟ್ರೋಲ್ ಲಾರಿಗಳಿಗೆ ಪಿ6 ಕೂರಿಸುವುದು ಬ್ರಿಟನ್ನಿನಲ್ಲೇ ರೂಢಿಯಾಗಿತ್ತು. ನಮ್ಮವರು ಹೊಸದಾಗಿ ಕಂಡುಹಿಡಿದದ್ದಲ್ಲ.

ಮದ್ರಾಸಿನ ಸಿಂಪ್ಸನ್ ಕಂಪೆನಿ 1840ರಲ್ಲಿ ಕುದುರೆ ಗಾಡಿ ಕಟ್ಟುವ ಕೆಲಸದಿಂದ ಶುರುವಾದದ್ದು. 1950ರ ದಶಕದಲ್ಲಿ ಅದೇ ಕಂಪೆನಿ ಪರ್ಕಿನ್ಸ್ ಎಂಜಿನ್ನುಗಳನ್ನು ಮದ್ರಾಸಿನಲ್ಲಿ ತಯಾರಿಸತೊಡಗಿತು. ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಮಾಡುತ್ತಿದ್ದ ಡಾಜ್, ಫಾರ್ಗೊ ಲಾರಿಗಳಿಗೂ ಪರ್ಕಿನ್ಸ್ ಬಂತು. ಟಾಟಾದವರು 1954ರಲ್ಲಿ ಡೈಮ್ಲರ್ ಬೆನ್ಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಡೀಸೆಲ್ ಲಾರಿ ಶುರುಮಾಡಿದರು. ಮದ್ರಾಸಿನ ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್ ಬೆಳೆಯಿತು. ಹೊಸ ಲಾರಿ ಕೊಳ್ಳುವವರಿಗೆ ಡೀಸೆಲ್ ತಾನಾಗಿ ಸಿಕ್ಕಿತು. ಹಳೆಯದರಲ್ಲೇ ಬದುಕುವವರು ಗುಜರಿಯಿಂದಲೋ ಏಜೆಂಟರಿಂದಲೋ ಪಿ6 ತಂದು ಕೂರಿಸಿದರು.

ಲೀಟರಿಗೆ ಡೀಸೆಲ್ ಬೆಲೆ ಪೆಟ್ರೋಲಿಗಿಂತ ಕಡಿಮೆ. ಅದೇ ಲೀಟರಿಗೆ ಓಡುವ ಮೈಲು ಹೆಚ್ಚು, ಏಕೆಂದರೆ ಡೀಸೆಲ್ ಎಂಜಿನ್ ಗಾಳಿಯನ್ನು ಬಹಳ ಬಿಗಿಯಾಗಿ ಒತ್ತಿ ಉರಿಸುತ್ತದೆ. ಲಾಭದ ಲೆಕ್ಕ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ತುಳುವಿನಲ್ಲಿ 'ಬ್ಯಾರ' ಅಂದರೆ ವ್ಯಾಪಾರ. ಹೆಸರಲ್ಲೇ ವ್ಯಾಪಾರ ಇಟ್ಟುಕೊಂಡವರು ನಾವು.

ಕೊನೆಗೆ ಉಳಿದ ಕೆಲಸ

ಕಾಸರಗೋಡಿನ ಕಡೆ ಹಳೆಯ ಗ್ಯಾರೇಜ್ ಮೇಸ್ತ್ರಿಯೊಬ್ಬರಿದ್ದಾರೆ. ವಯಸ್ಸು ಎಂಬತ್ತು ದಾಟಿದೆ, ಕಿವಿ ಅರ್ಧ ಕೇಳುವುದಿಲ್ಲ. ಹೆಸರು ಬರೆಯಬೇಡ ಎಂದಿದ್ದಾರೆ, ಕಾಕ ಎಂದೇ ಕರೆಯುತ್ತೇನೆ. ಹುಡುಗನಾಗಿದ್ದಾಗಿನಿಂದ ಅವರು ಎಂಜಿನ್ ಬದಲಿಸುವ ಕೆಲಸದಲ್ಲಿದ್ದವರು. ಕೆಲಸದ ಕ್ರಮ ಹೇಗಿತ್ತು ಎಂದು ಕೇಳಿದೆ.

ಮೊದಲು ಎಂಜಿನ್ ಕೂರುವ ಬ್ರಾಕೆಟ್. ಪಿ6 ಭಾರದ ಎಂಜಿನ್, ಆದ್ದರಿಂದ ಮುಂದಿನ ಸ್ಪ್ರಿಂಗಿಗೆ ಪಟ್ಟಿ ಸೇರಿಸುವುದು. ಆಮೇಲೆ ಗೇರ್‌ಬಾಕ್ಸಿಗೆ ಜೋಡಿಸುವ ಪ್ಲೇಟು ಲೇತಿನಲ್ಲಿ ಕಡೆಸುವುದು. ರೇಡಿಯೇಟರು, ದೊಡ್ಡ ಬ್ಯಾಟರಿ, ದೊಡ್ಡ ಸ್ಟಾರ್ಟರು. ಬ್ರೇಕಿಗೆ ವ್ಯಾಕ್ಯೂಮ್ ಇದ್ದರೆ ಅದಕ್ಕೆ ಬೇರೆ ಪಂಪು. ಪೆಟ್ರೋಲ್ ಎಂಜಿನ್ನಿನ ಒಳಗಾಳಿ ದಾರಿಯಿಂದಲೇ ಬ್ರೇಕಿಗೆ ಎಳೆತ ಸಿಗುತ್ತಿತ್ತು, ಡೀಸೆಲಿಗೆ ಆ ನಂಬಿಕೆ ಇಲ್ಲ. ಆ ಪಂಪಿನ ಹೆಸರು ಎಕ್ಸಾಸ್ಟರ್. ಹೊಗೆಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಹೊಸ ಹುಡುಗರು ಎಕ್ಸಾಸ್ಟರ್ ತಾ ಅಂದರೆ ಸೈಲೆನ್ಸರ್ ಹೊತ್ತು ತರುತ್ತಿದ್ದರಂತೆ.

"ಎಲ್ಲ ಮುಗಿಯುವಾಗ ಯಜಮಾನನ ಕೈ ಖಾಲಿ," ಎಂದರು ಕಾಕ. "ಸೈಲೆನ್ಸರ್ ಹಳೆಯದು ಉಂಟಲ್ಲ, ಅದನ್ನೇ ಹಾಕಿ ಅಂತ ಹೇಳುವುದು. ನಾವು ಬೆಂಕಿಯಲ್ಲಿ ಕಾಯಿಸಿ ಪೈಪು ಬಗ್ಗಿಸಿ ಹೇಗೋ ತಾಗಿಸುವುದು. ಗಾಡಿ ಸ್ಟಾರ್ಟ್ ಆಯಿತಲ್ಲ, ಎಲ್ಲರಿಗೂ ಖುಷಿ."

ಹಳೆಯ ಪೈಪೇ ಸಾಕಾಗುವುದಿಲ್ಲವೇ? ಡಿಪ್ಲೊಮಾದವನ ಪ್ರಶ್ನೆ ಇದು. ಲೆಕ್ಕ ಮಾಡಿ ನೋಡೋಣ.

ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಪೂರ್ತಿ ಉಸಿರೆಳೆಯುತ್ತದೆ. 4.73 ಲೀಟರಿನ ಪಿ6 ನಿಮಿಷಕ್ಕೆ 2,400 ಸುತ್ತಿನಲ್ಲಿ 1,200 ಸಲ ಉಸಿರೆಳೆದರೆ ಸುಮಾರು 5,700 ಲೀಟರ್ ಗಾಳಿ. ಪೂರ್ತಿ ತುಂಬುವುದಿಲ್ಲ ಎಂದು ಕಳೆದರೆ 4,800 ಎಂದಿಟ್ಟುಕೊಳ್ಳಿ. ಉರಿದು ಹೊರಬರುವಾಗ ಅದು 500 ಡಿಗ್ರಿ ಬಿಸಿ ಇದ್ದರೆ ಎರಡೂವರೆ ಪಟ್ಟು ಹಿಗ್ಗಿರುತ್ತದೆ. ನಿಮಿಷಕ್ಕೆ 12,000 ಲೀಟರ್, ಸೆಕೆಂಡಿಗೆ 200 ಲೀಟರ್ ಹೊಗೆ. ಇದು ಎರಡಿಂಚು ಒಳ ಅಳತೆಯ ಪೈಪಿನಲ್ಲಿ ಹೋಗಬೇಕಾದರೆ ಸೆಕೆಂಡಿಗೆ ಸುಮಾರು 99 ಮೀಟರ್ ವೇಗದಲ್ಲಿ ಓಡಬೇಕು. ಎರಡೂವರೆ ಇಂಚಿನಲ್ಲಿ 63 ಮೀಟರ್. ಮೂರಿಂಚಿನಲ್ಲಿ 44 ಮೀಟರ್ ಸಾಕು. ಪೈಪಿನ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ಅಂದರೆ ಮೂರಿಂಚಿನ ಬದಲು ಎರಡಿಂಚು ಹಾಕಿದರೆ ತಡೆ ಐದು ಪಟ್ಟಿಗೂ ಹೆಚ್ಚು. ಅಗಲದಲ್ಲಿ ಒಂದೇ ಇಂಚಿನ ವ್ಯತ್ಯಾಸ, ಎಂಜಿನ್ನಿಗೆ ಅದು ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಷೆವ್ರೊಲೆಯ ಪೆಟ್ರೋಲ್ ಎಂಜಿನ್ ಎಳೆಯುವ ಗಾಳಿಯೂ ಪಿ6 ಎಳೆಯುವುದಕ್ಕಿಂತ ತೀರಾ ಕಡಿಮೆಯೇನಲ್ಲ, ಏಕೆಂದರೆ ಅದು ಹೆಚ್ಚು ವೇಗವಾಗಿ ತಿರುಗುತ್ತದೆ. ಹಾಗಾದರೆ ಅದಕ್ಕೆ ಸಾಕಾದ ಪೈಪು ಇದಕ್ಕೇಕೆ ಸಾಲದು? ಲೆಕ್ಕ ತೋರಿಸಿ ಕಾಕನನ್ನು ಕೇಳಿದೆ. ಅವರು ಕಾಗದ ನೋಡಲೇ ಇಲ್ಲ.

"ಮೋನೆ, ಪೆಟ್ರೋಲಿಗೆ ಉಸಿರು ಕಮ್ಮಿ ಆದರೆ ಊಟವೂ ಕಮ್ಮಿ. ಡೀಸೆಲಿಗೆ ಉಸಿರು ಕಮ್ಮಿ ಆದರೂ ಊಟ ಅಷ್ಟೇ. ಮತ್ತೆ ಅಜೀರ್ಣ ಆಗದೆ ಇರುತ್ತದಾ?"

ಇದಕ್ಕಿಂತ ಸ್ಪಷ್ಟವಾಗಿ ನನ್ನ ಯಾವ ಪಾಠದಲ್ಲೂ ಹೇಳಿರಲಿಲ್ಲ. ಪೆಟ್ರೋಲ್ ಎಂಜಿನ್ನಿನ ಕಾರ್ಬುರೇಟರು ಒಳಹೋಗುವ ಗಾಳಿಯ ಸೆಳೆತದಿಂದಲೇ ಪೆಟ್ರೋಲ್ ಎಳೆಯುತ್ತದೆ. ಹೊಗೆ ದಾರಿ ಕಟ್ಟಿದರೆ ಹೊಸ ಗಾಳಿ ಕಡಿಮೆ, ಪೆಟ್ರೋಲೂ ಕಡಿಮೆ, ಗಾಡಿ ಬಲ ಕಳೆದುಕೊಳ್ಳುತ್ತದೆ ಅಷ್ಟೆ. ಡೀಸೆಲ್ ಪಂಪು ಹಾಗಲ್ಲ. ಡ್ರೈವರ್ ಕಾಲಿಟ್ಟಷ್ಟು ಎಣ್ಣೆಯನ್ನು ಅದು ಅಳೆದು ಹಾಕುತ್ತಲೇ ಇರುತ್ತದೆ. ಸಿಲಿಂಡರಿನಲ್ಲಿ ಹಳೆ ಹೊಗೆ ಉಳಿದು ಗಾಳಿ ಕಡಿಮೆಯಾದದ್ದು ಆ ಪಂಪಿಗೆ ಗೊತ್ತಾಗುವುದಿಲ್ಲ. ಉರಿಯದ ಎಣ್ಣೆ ಮಸಿಯಾಗುತ್ತದೆ, ಹೊಗೆ ಕಪ್ಪಾಗುತ್ತದೆ, ಪೈಪು ಕೆಂಪಗೆ ಕಾಯುತ್ತದೆ. ವಾಲ್ವು, ಪಿಸ್ಟನ್ ಸೊರಗುತ್ತವೆ. ಉಪ್ಪಾಪನ ಪುಸ್ತಕದಲ್ಲಿ ಪ್ರತಿ ತಿಂಗಳೂ ಕಾಣುವ ಆಸ್ಬೆಸ್ಟಾಸ್ ಹಗ್ಗದ ಮೂಲ ಇದು.

ಒಂದೊಂದೇ ಭಾಗ

ಕಾಕನೂ ಅವರ ಜೊತೆಗಾರರೂ ಕೆಟ್ಟು ಕೆಟ್ಟು ಕಲಿತದ್ದನ್ನು ಇಲ್ಲಿ ಒಟ್ಟುಮಾಡುತ್ತೇನೆ. ಈ ಭಾಗಗಳಿಗೆ ಬ್ಯಾರಿ, ಕನ್ನಡ, ತುಳು, ಮಲಯಾಳ ನಾಲ್ಕರಲ್ಲೂ ಒಂದೇ ಹೆಸರು, ಹಾಗಾಗಿ ಜಗಳವಿಲ್ಲ.

ಮ್ಯಾನಿಫೋಲ್ಡ್ ಯಾವಾಗಲೂ ಹೊಸ ಎಂಜಿನ್ನಿನದೇ ಇರಬೇಕು. ಅದು ಬೀಡಿನ ಭಾಗ. ಜಾಗ ಸಾಲದೆಂದು ಅದನ್ನು ಕೊಯ್ದು ವೆಲ್ಡ್ ಮಾಡಿದರೆ ಮೊದಲ ಮಳೆಯ ನೀರು ಹಾರಿದಾಗಲೇ ಸೀಳುತ್ತದೆ. ಹಳೆ ಎಂಜಿನ್ನಿನ ಹೊಗೆ ಒಂದು ಬದಿಗೆ, ಹೊಸದರ ಹೊಗೆ ಇನ್ನೊಂದು ಬದಿಗೆ ಬಂದರೆ ಪೈಪನ್ನು ಎಂಜಿನ್ ಕೆಳಗಿನಿಂದ ಅಡ್ಡ ಹಾಯಿಸುವ ಆಸೆ ಬರುತ್ತದೆ. ಹಾಗೆ ಮಾಡಬಾರದು. ಎಣ್ಣೆ ಚೇಂಬರಿನ ಕೆಳಗೆ ಬಿಸಿ ಪೈಪು, ಮೇಲಿನಿಂದ ಎಣ್ಣೆ ಜಿನುಗು, ಅದು ಬೆಂಕಿಗೆ ದಾರಿ. ಕಷ್ಟವಾದರೂ ಆ ಬದಿಯಿಂದಲೇ ಹಿಂದಕ್ಕೆ ಒಯ್ಯಬೇಕು.

ಮ್ಯಾನಿಫೋಲ್ಡಿನ ಸ್ಟಡ್ಡಿಗೆ ಹಿತ್ತಾಳೆ ನಟ್ಟು ಒಳ್ಳೆಯದು. ಕಬ್ಬಿಣದ ನಟ್ಟು ಬಿಸಿಗೆ, ತುಕ್ಕಿಗೆ ಕಚ್ಚಿಕೊಂಡು ಬಿಚ್ಚುವಾಗ ಸ್ಟಡ್ಡನ್ನೇ ಮುರಿಯುತ್ತದೆ. ಹಿತ್ತಾಳೆ ಬಿಡುತ್ತದೆ. ಎರಡು ಫ್ಲಾಂಜಿನ ನಡುವೆ ಹಾಕುವ ಪ್ಯಾಕಿಂಗ್ ಆ ಕಾಲದಲ್ಲಿ ಆಸ್ಬೆಸ್ಟಾಸಿನದು, ಸೋರಿದರೆ ಸುತ್ತುವ ಹಗ್ಗವೂ ಅದೇ. ಅದರ ನಾರು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುತ್ತದೆ ಎಂದು ಈಗ ನಮಗೆ ಗೊತ್ತು. ಉಪ್ಪಾಪ ಅದನ್ನು ಕತ್ತರಿಯಲ್ಲಿ ಕತ್ತರಿಸಿ, ಕೈ ಝಾಡಿಸಿ, ಅದೇ ಕೈಯಲ್ಲಿ ಬೆಲ್ಲ ತೂಗುತ್ತಿದ್ದರು.

ಮ್ಯಾನಿಫೋಲ್ಡಿನಿಂದ ಇಳಿಯುವ ಪೈಪಿನಲ್ಲಿ ಒಂದು ಗೇಣು ಬಗ್ಗುವ ಪೈಪು, ಅಂದರೆ ಫ್ಲೆಕ್ಸಿಬಲ್, ಇರಬೇಕು. ಡೀಸೆಲ್ ಎಂಜಿನ್ ಪೆಟ್ರೋಲಿನದಕ್ಕಿಂತ ಹೆಚ್ಚು ನಡುಗುತ್ತದೆ. ಎಂಜಿನ್ ನಡುಗುವಾಗ ಚಾಸಿಗೆ ಬಿಗಿದ ಪೈಪು ನಡುಗದಿದ್ದರೆ ನಡುವೆ ಎಲ್ಲಾದರೂ ಮುರಿಯಲೇಬೇಕು. ಸೈಲೆನ್ಸರಿನ ಭಾರ ಹ್ಯಾಂಗರಿನ ಮೇಲಿರಬೇಕು, ಮ್ಯಾನಿಫೋಲ್ಡಿನ ಮೇಲೆ ನೇತಾಡಬಾರದು. ಮುಂದೆ ಟರ್ಬೊ ಇದ್ದ ಎಂಜಿನ್ನುಗಳು ಬಂದಾಗ ಇದು ಇನ್ನೂ ಮುಖ್ಯವಾಯಿತು. ಪೈಪಿನ ಭಾರ ಟರ್ಬೊವಿನ ಮೇಲೆ ಬಿದ್ದರೆ ಅದರ ಕತೆ ಮುಗಿಯಿತು.

ಸೈಲೆನ್ಸರನ್ನು ಶಬ್ದ ನೋಡಿ ಆರಿಸಬಾರದು, ಒಳದಾರಿ ನೋಡಿ ಆರಿಸಬೇಕು. ಕರಾವಳಿಯಲ್ಲಿ ತುಕ್ಕಿನದೂ ಒಂದು ಲೆಕ್ಕ. ಮೀನಿನ ಲಾರಿಯಿಂದ ಉಪ್ಪು ಸೇರಿದ ಐಸಿನ ನೀರು ದಾರಿಯುದ್ದಕ್ಕೂ ಸೋರುತ್ತದೆ, ಬಿಸಿ ಸೈಲೆನ್ಸರಿನ ಮೇಲೆ ಬಿದ್ದು ಒಣಗುತ್ತದೆ. ತೆಳು ತಗಡಿನ ಸೈಲೆನ್ಸರ್ ಅಲ್ಲಿ ಬಾಳುವುದಿಲ್ಲ. ದಪ್ಪ ತಗಡು, ಕೆಳಗೆ ನೀರು ಇಳಿಯಲು ಸಣ್ಣ ತೂತು, ನೀರು ಬೀಳುವ ಸಾಲಿನಿಂದ ಆಚೆಗೆ ಜಾಗ. ಬೈಹುಲ್ಲು ತುಂಬುವ ಲಾರಿಗೆ ಪೈಪಿನ ಬಾಯಿ ಲೋಡಿನ ಕೆಳಗೆ ಬರಲೇಬಾರದು, ಒಂದು ಕಿಡಿ ಸಾಕು. ಬ್ರೇಕಿನ ಪೈಪು, ಡೀಸೆಲ್ ಪೈಪು, ವಯರು ಇವುಗಳಿಂದ ದೂರ ಇಡಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಎಣ್ಣೆ ಪೈಪಿನಿಂದ ಹೊಗೆ ಪೈಪು ಕನಿಷ್ಠ 35 ಮಿಲಿಮೀಟರ್ ದೂರ ಇರಬೇಕೆಂದೂ, ಹೊಗೆ ಕೆಳಕ್ಕೋ ಎಡಕ್ಕೋ ಹೋಗಬಾರದೆಂದೂ ಹೇಳುತ್ತವೆ. ಎಡಕ್ಕೆ ಯಾಕೆ ಬೇಡವೆಂದು ಬಸ್ಸಿಗೆ ಕಾದು ನಿಂತವರಿಗೆ ಗೊತ್ತು.

ಗಡಿ ಬಂದ ಮೇಲೆ

ಈ ಕತೆಯ ನಡುವೆ 1956ರ ನವೆಂಬರ್ 1 ಬಂತು. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು, ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಹೋಯಿತು. ತಲಪಾಡಿಯಲ್ಲಿ ರಾಜ್ಯದ ಗಡಿ ಎದ್ದಿತು. ಮಂಗಳೂರಿನ ಬಂದರಿಗೆ, ಹೆಂಚಿನ ಕಾರ್ಖಾನೆಗೆ, ಸಂಪಾಜೆ ಘಾಟಿಯ ಮೇಲೆ ಮಡಿಕೇರಿಗೆ ಹೋಗುವ ಲಾರಿ ಈಗ ಬೇರೆ ರಾಜ್ಯದ ಲಾರಿ. ಪರ್ಮಿಟ್ಟಿಗೆ ಆಚೆ ರಾಜ್ಯದ ಮೇಲುಸಹಿ ಬೇಕು. 1939ರ ಮೋಟಾರು ವಾಹನ ಕಾಯ್ದೆಯಂತೆ ಗಾಡಿಯಲ್ಲಿ ಮಾಡಿದ ಮಾರ್ಪಾಡನ್ನು ನೋಂದಣಿ ಅಧಿಕಾರಿಗೆ ತಿಳಿಸಿ ಪುಸ್ತಕದಲ್ಲಿ ಬರೆಸಬೇಕಿತ್ತು. ಎಂಜಿನ್ ನಂಬರು ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು.

ಈ ಕಾರಣದಿಂದ ಹಳೆಯ ಆರ್‌ಸಿ ಪುಸ್ತಕಗಳು ನಮಗೆ ಚರಿತ್ರೆಯ ದಾಖಲೆ. ಚಾಸಿಯ ಹೆಸರು ಒಂದು, ಎಂಜಿನ್ನಿನ ಹೆಸರು ಇನ್ನೊಂದು, ಪೆಟ್ರೋಲ್ ಎಂಬುದನ್ನು ಹೊಡೆದು ಡೀಸೆಲ್ ಎಂದು ಬರೆದು ಹಾಕಿದ ಮೊಹರು, ಅದರ ಕೆಳಗೆ ತಾರೀಕು. ಕಾಕನ ಬಳಿ ಅಂಥ ಎರಡು ಪುಸ್ತಕ ನೋಡಿದೆ. ಸೈಲೆನ್ಸರಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಅದನ್ನು ಉಪ್ಪಾಪನ ಉದ್ರಿ ಪುಸ್ತಕದಲ್ಲೇ ಓದಬೇಕು.

ನನ್ನ ತಪ್ಪು

ಹಳಬರ ತಪ್ಪು ಹೇಳಿ ನನ್ನದನ್ನು ಮುಚ್ಚಿಟ್ಟರೆ ಸರಿಯಾಗುವುದಿಲ್ಲ. ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷವಾಗಿತ್ತು. ನನ್ನ ಮಾಮನ ಮೀನಿನ ಮಿನಿ ಲಾರಿಯ ಎಂಜಿನ್ ಕೈಕೊಟ್ಟಿತು. ಅದೇ ಕಂಪೆನಿಯ, ಆದರೆ ಟರ್ಬೊ ಇರುವ ಒಂದು ಎಂಜಿನ್ ಸಿಕ್ಕಿತು. ಕಾಗದಪತ್ರ ಮಾಡಿಸಿದೆವು. ಕೆಲಸದ ಮೇಲುಸ್ತುವಾರಿ ನನ್ನದು. ಕೊನೆಗೆ ಸೈಲೆನ್ಸರಿಗೆ ಬಂದಾಗ ಮಾಮನ ಹಣವೂ ಮುಗಿದಿತ್ತು, ನನ್ನ ತಾಳ್ಮೆಯೂ ಮುಗಿದಿತ್ತು. ಹಳೆಯ ಪೈಪನ್ನೇ ಕೊಯ್ದು ಟರ್ಬೊವಿನ ಬಾಯಿಗೆ ತಾಗಿಸಿದೆ. ಅದು ಎರಡು ಬೆರಳು ಒಳಕ್ಕೆ ಸರಿದು, ಬ್ರೇಕಿನ ರಬ್ಬರ್ ಪೈಪಿನ ಪಕ್ಕದಲ್ಲೇ ಹಾದುಹೋಯಿತು. ನೋಡಿದೆ. ಒಂದು ತಗಡು ಅಡ್ಡ ಕೊಟ್ಟರೆ ಆಗುತ್ತದೆ, ಮುಂದಿನ ವಾರ ಹಾಕುವಾ ಅಂದುಕೊಂಡೆ.

ಮುಂದಿನ ವಾರಕ್ಕೆ ಮೊದಲೇ ಮಾಮ ಮೈಸೂರಿಗೆ ಲೋಡು ತೆಗೆದುಕೊಂಡು ಹೋದರು. ಸಂಪಾಜೆಯಿಂದ ಮಡಿಕೇರಿಗೆ ಒಂದೇ ಸಮ ಏರು. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲೆ. ಅಷ್ಟೆತ್ತರದಲ್ಲಿ ಗಾಳಿಯೇ ಸುಮಾರು ಹತ್ತರಲ್ಲೊಂದು ಪಾಲು ತೆಳು. ಎಂಜಿನ್ ಏರಿನುದ್ದಕ್ಕೂ ಉಸಿರುಕಟ್ಟಿ ಕಪ್ಪು ಹೊಗೆ ಬಿಟ್ಟಿತು, ಪೈಪು ಕಾದು ಕೆಂಪಾಯಿತು, ಪಕ್ಕದ ರಬ್ಬರ್ ಪೈಪು ಬೆಂದಿತು. ಏರುವಾಗ ಬ್ರೇಕು ಬೇಕಾಗುವುದಿಲ್ಲ, ಹಾಗಾಗಿ ಗೊತ್ತಾಗಲಿಲ್ಲ. ಮಡಿಕೇರಿ ದಾಟಿ ಸುಂಟಿಕೊಪ್ಪದ ಕಡೆಗೆ ಇಳಿಯುವಾಗ ಮಾಮ ಪೆಡಲ್ ಒತ್ತಿದರು. ಅದು ನೆಲಕ್ಕೆ ಹೋಯಿತು.

ಮಾಮ ಮೂವತ್ತು ವರ್ಷದ ಡ್ರೈವರ್. ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ರಸ್ತೆ ಪಕ್ಕದ ದರೆಗೆ ಗಾಡಿಯನ್ನು ಒರಸಿ ನಿಲ್ಲಿಸಿದರು. ಅವರಿಗೂ ಕ್ಲೀನರ್ ಹುಡುಗನಿಗೂ ಗಾಯವಾಗಲಿಲ್ಲ. ಎದುರಿನಿಂದ ಯಾರೂ ಬರಲಿಲ್ಲ. ರಾತ್ರಿ ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಪೈಪನ್ನು ಸ್ವಲ್ಪ ಆಚೆ ಹಾಕಬೇಕಿತ್ತು, ಮೋನೆ." ಬೈದಿದ್ದರೆ ಒಳ್ಳೆಯದಿತ್ತು.

ಆ ಮೇಲೆ ನಾನು ಪೈಪಿನಿಂದಲೇ ಶುರುಮಾಡುತ್ತೇನೆ. ಎಂಜಿನ್ ಇಳಿಸುವ ಮೊದಲೇ ಹೊಗೆ ಯಾವ ದಾರಿಯಲ್ಲಿ ಹೋಗಬೇಕು, ಪೈಪು ಎಷ್ಟು ಇಂಚು, ಪಕ್ಕದಲ್ಲಿ ಏನಿದೆ ಎಂದು ಕಾಗದದಲ್ಲಿ ಬರೆಯುತ್ತೇನೆ. ಅದಕ್ಕೆ ಬೇಕಾದ ಹಣವನ್ನು ಬೇರೆ ಕಟ್ಟಿ ಇಡಲು ಹೇಳುತ್ತೇನೆ. ಖರ್ಚಿನ ಪಟ್ಟಿಯಲ್ಲಿ ಕೊನೆಗೆ ಬರುವ ಸಾಮಾನಿಗೆ ಕೊನೆಯ ಹಣವೇ ಸಿಗುತ್ತದೆ. 1962ರಲ್ಲಿ ಹಾಗಿತ್ತು, ನನ್ನ ಕಾಲದಲ್ಲೂ ಹಾಗೇ ಆಯಿತು.

ಹೊಗೆ ಕುಡಿದವರು

ಸೋರುವ ಪೈಪಿನ ಬೆಲೆ ಹಗ್ಗ, ತಗಡಿನಲ್ಲಿ ಮುಗಿಯಲಿಲ್ಲ. ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸೋರಿದರೆ ಹೊಗೆ ಬರುವುದು ಕ್ಯಾಬಿನ್ನಿನೊಳಕ್ಕೆ. ಡ್ರೈವರಿಗೆ ಕಿಟಕಿ ಇತ್ತು. ಎಂಜಿನ್ ಪಕ್ಕದ ಹಲಗೆಯ ಮೇಲೆ ಕುಳಿತವನು ಕ್ಲೀನರ್, ಹದಿಮೂರು ಹದಿನಾಲ್ಕರ ಹುಡುಗ. ನಮ್ಮ ಎಷ್ಟೋ ಮನೆಗಳಲ್ಲಿ ಶಾಲೆ ಬಿಟ್ಟ ಗಂಡುಮಕ್ಕಳ ಮೊದಲ ಕೆಲಸ ಅದು. ರಾತ್ರಿ ಅಲ್ಲೇ ನಿದ್ದೆ, ಹಗಲು ಲಾರಿ ಕೆಳಗೆ ಮಲಗಿ ಅದೇ ಪೈಪಿಗೆ ಹಗ್ಗ ಸುತ್ತುವುದು. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಖಚಿತವಾಗಿ ಹೇಳಿತು. ಅಷ್ಟರಲ್ಲಿ ಆ ಹುಡುಗರು ಮುದುಕರಾಗಿದ್ದರು, ಕೆಲವರು ಇರಲೇ ಇಲ್ಲ. ಯಾರ ಕೆಮ್ಮು ಬೀಡಿಯದು, ಯಾರದು ಪೈಪಿನದು ಎಂದು ಈಗ ಬಿಡಿಸಿ ಹೇಳಲಾಗದು. ಕಾಕ ಮಾತ್ರ ಬೀಡಿ ಸೇದಿದವರಲ್ಲ. ಅವರ ಕೆಮ್ಮು ಮಾತ್ರ ಪಡಸಾಲೆ ತುಂಬುತ್ತದೆ.

ಈಗಿನ ಮಾತು

ಆ ಕಾಲದ ಹಾಗೆ ಎಂಜಿನ್ ಬದಲಿಸುವ ದಿನಗಳು ಮುಗಿದಿವೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರು ಕೊಟ್ಟ ಮೂಲ ರೂಪಕ್ಕೆ ಬೇರೆಯಾಗಿ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಹಾಗಾಗಿ ಎಂಜಿನ್ ಬದಲಿಸುವ ಯೋಚನೆ ಇದ್ದವರು ಗ್ಯಾರೇಜಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಲಾರಿಗಳಲ್ಲಿ ಸೈಲೆನ್ಸರ್ ಎಂಬುದು ಬರೀ ಡಬ್ಬಿಯಲ್ಲ. ಮಸಿ ಹಿಡಿಯುವ ಫಿಲ್ಟರು, ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ, ಸೆನ್ಸರು ಎಲ್ಲ ಅದರೊಳಗೇ ಇವೆ. ದಾರಿ ಕಟ್ಟಿದರೆ ಎಂಜಿನ್ ತಾನೇ ಬಲ ಇಳಿಸಿ ದೀಪ ಹೊತ್ತಿಸುತ್ತದೆ. ಕಾಕನ ಭಾಷೆಯಲ್ಲಿ ಹೇಳುವುದಾದರೆ ಉಸಿರು ಎಷ್ಟು ಎಂದು ಡೀಸೆಲ್ ಪಂಪಿಗೆ ಈಗ ಗೊತ್ತಾಗುತ್ತದೆ.

ಓದುವವರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯ ಅಟ್ಟದಲ್ಲಿ, ಉಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ ಹಳೆಯ ಆರ್‌ಸಿ, ಪರ್ಮಿಟ್, ಗ್ಯಾರೇಜ್ ಬಿಲ್ಲು, ಉದ್ರಿ ಪುಸ್ತಕ ಇದ್ದರೆ ಗುಜರಿಗೆ ಹಾಕಬೇಡಿ. ಪ್ರತಿ ಪುಟದ ಫೋಟೊ ತೆಗೆದಿಡಿ. ಮನೆಯಲ್ಲಿ ಹಳೆಯ ಡ್ರೈವರ್, ಮೇಸ್ತ್ರಿ, ಕ್ಲೀನರ್ ಆಗಿದ್ದ ಹಿರಿಯರಿದ್ದರೆ ಅರ್ಧ ಗಂಟೆ ಕುಳಿತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಯಾವ ಲಾರಿಗೆ ಯಾವ ಎಂಜಿನ್, ಯಾವ ಊರಿನ ಗ್ಯಾರೇಜ್, ಪೈಪು ಎಷ್ಟು ಇಂಚು. ಈ ಸಣ್ಣ ಪ್ರಶ್ನೆಗಳಿಗೆ ಅವರ ಬಳಿ ದೊಡ್ಡ ಉತ್ತರಗಳಿವೆ.

ಆ ಲಾರಿ ಯಜಮಾನರ ಲೆಕ್ಕ 1965ರ ಒಂದು ಪುಟದಲ್ಲಿ ನಿಲ್ಲುತ್ತದೆ. ಕೊನೆಯ ಸಾಲು ಉಪ್ಪಾಪನ ಅಕ್ಷರದಲ್ಲಿದೆ: ಹೊಸ ಪೈಪು ಮೂರಿಂಚು, ಮಂಗಳೂರು, ಕೈಗಡ 40 ರೂಪಾಯಿ. ಅದರ ನಂತರದ ಪುಟಗಳಲ್ಲಿ ಅವರ ಹೆಸರಿನಲ್ಲಿ ಅಕ್ಕಿ, ಬೆಲ್ಲ, ಒಣಮೀನು ಬಿಟ್ಟರೆ ಬೇರೇನೂ ಇಲ್ಲ.